ಕೇಳುವ ಬಟನ್

ಸಿದ್ದಾಪುರ
೧೦ ನವೆಂಬರ್ ೨೦೨೪

ಉಲ್ಲಾಸ ಅವರಿಗೆ ನಮಸ್ಕಾರ.

ನನ್ನ ಹೆಸರು ಪರಿಮಳಾ. ಸಿದ್ದಾಪುರದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನಮ್ಮ ಮನೆ. ನನ್ನ ಅಣ್ಣನ ಮಗಳು ಸಮೃದ್ಧಿ ಶಿರಸಿಯಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ. ಅವಳು ಇಂಟರ್ನೆಟ್ಟಿನಲ್ಲಿ ನಿಮ್ಮ 'ಕಿಂಡಿ' ಎಂಬುದನ್ನು ಕಂಡು, ಅದರಿಂದ ನನ್ನ ಯಜಮಾನರಿಗೆ ಒಂದು ಮಾತಿನ ಹಲಗೆ ಮಾಡಿಕೊಟ್ಟಿದ್ದಾಳೆ. ಪರದೆಯ ಮೇಲೆ ನಾಲ್ಕು ಬಟನ್. ಬೆರಳಿಟ್ಟರೆ ಮಾತು ಕೇಳಿಸುತ್ತದೆ. ಕಿಂಡಿ ಮಾಡಿದವರ ವಿಳಾಸ ಇಡಗುಂದಿ, ಯಲ್ಲಾಪುರ ತಾಲೂಕು ಎಂದು ಅವಳು ಓದಿ ಹೇಳಿದಾಗ ನಾನು ನಂಬಲಿಲ್ಲ. ಇಂಥದ್ದನ್ನೆಲ್ಲ ಸಮುದ್ರದಾಚೆಯವರೇ ಮಾಡುತ್ತಾರೆಂದು ನಾನು ತಿಳಿದಿದ್ದೆ.

ನಮ್ಮವರ ಹೆಸರು ದಿನಕರ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ನರಗಳು ಒಂದೊಂದಾಗಿ ಸೊರಗುವ ಕಾಯಿಲೆ ಅವರಿಗೆ. ಮೊದಲು ನಾಲಿಗೆ ಹೋಯಿತು, ಆಮೇಲೆ ಕಾಲು. ಈಗ ಬಲಗೈಯ ತೋರುಬೆರಳು ಮಾತ್ರ ಅವರ ಮಾತು ಕೇಳುತ್ತದೆ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು, ಕಷ್ಟ ಇರುವುದೇ ಅಲ್ಲಿ. ಔಷಧಿ ಇಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಮೊದಲ ದಿನವೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲದ್ದನ್ನು ಅವರು ಎಲ್ಲಿಂದ ತಂದಾರು.

ಸಮೃದ್ಧಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವ ಹಲಗೆಯೂ ತೆರೆದುಕೊಳ್ಳಲಿಲ್ಲ, ನಿಮ್ಮದು ಥಟ್ಟನೆ ತೆರೆಯಿತು. ಆದರೆ ಅವರ ಬೆರಳು ನಡುಗುತ್ತದೆ. ಒಮ್ಮೆ ಮುಟ್ಟಿದರೆ ಲ್ಯಾಪ್‌ಟಾಪು "ನನಗೆ ನೀರು ಬೇಕು, ನನಗೆ ನೀರು ಬೇಕು" ಎಂದು ಹಟ ಹಿಡಿದ ಮಗುವಿನ ಹಾಗೆ ಕೂಗುತ್ತಲೇ ಇರುತ್ತದೆ. ಅವರಿಗೆ ನಾಚಿಕೆಯಾಗಿ ಕೈ ಹಿಂದೆಳೆದುಕೊಳ್ಳುತ್ತಾರೆ. ಸಮೃದ್ಧಿಗೆ ಪರೀಕ್ಷೆ ಹತ್ತಿರ ಬಂತು, ಅದಕ್ಕೇ ಈ ಇಮೇಲನ್ನು ನಾನೇ ಬರೆಯುತ್ತಿದ್ದೇನೆ. ನಿಮ್ಮಿಂದ ಏನಾದರೂ ಆದೀತೇ?

ಪರಿಮಳಾ

*

ಇಡಗುಂದಿ
೧೭ ನವೆಂಬರ್ ೨೦೨೪

ಪರಿಮಳಾ ಮೇಡಂ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಹತ್ತು ವರ್ಷದಿಂದ ಕಂಪ್ಯೂಟರಿನ ಮುಂದೆ ಕುಳಿತು ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಈಗ ಅರ್ಥವಾಯಿತು. ಹಗಲು ಯಲ್ಲಾಪುರದ ಕಾಲೇಜಿನ ಲ್ಯಾಬಿನಲ್ಲಿ ನನಗೆ ಕೆಲಸ. ಉಳಿದ ಹೊತ್ತೆಲ್ಲ ಕಿಂಡಿಗೆ.

ಇದನ್ನು ಲೈಬ್ರರಿ ಎನ್ನುತ್ತಾರೆ. ಪುಸ್ತಕದ ಲೈಬ್ರರಿಯಲ್ಲ. ಪರದೆಯ ಮೇಲೆ ಕಿಟಕಿ, ಬಟನ್, ಬರೆಯುವ ಜಾಗ ಇವನ್ನೆಲ್ಲ ಮಾಡಿಕೊಡುವ ಸಾಮಾನಿನ ಪೆಟ್ಟಿಗೆ ಎಂದುಕೊಳ್ಳಿ. ಬೇರೆಯವರ ಪೆಟ್ಟಿಗೆ ಎತ್ತಲು ನಾಲ್ಕಾಳು ಬೇಕು, ನನ್ನದನ್ನು ಕಂಕುಳಲ್ಲಿಟ್ಟುಕೊಂಡು ಹೋಗಬಹುದು. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಒಮ್ಮೆ ಬರೆದದ್ದು ಎಲ್ಲದರಲ್ಲೂ ಓಡುತ್ತದೆ. ಹೊರದೇಶದವರು ಯಾರ‍್ಯಾರೋ ಇದನ್ನು ಬಳಸಿ ನನ್ನನ್ನು ಬೈದು ಬರೆಯುತ್ತಾರೆ. ನಮ್ಮ ಜಿಲ್ಲೆಯಿಂದ ಪತ್ರ ಬಂದಿದ್ದು ಇದೇ ಮೊದಲು. ಅದೂ ಬೈಗುಳವಿಲ್ಲದೆ.

ನಡುಗುವ ಬೆರಳಿನ ತೊಂದರೆ ಸರಿ ಮಾಡಿದ್ದೇನೆ. ಬೆರಳು ಸ್ವಲ್ಪ ಹೊತ್ತು ನಿಂತರೆ ಮಾತ್ರ ಬಟನ್ ಒಪ್ಪಿಕೊಳ್ಳುತ್ತದೆ, ಮತ್ತೆ ಮುಟ್ಟಿದರೆ ಸುಮ್ಮನಿರುತ್ತದೆ. ಹಲಗೆಯನ್ನೂ ನಾನೇ ಹೊಸದಾಗಿ ಮಾಡಿದೆ. ಹೊರದೇಶದ ಹಲಗೆಗಳನ್ನೆಲ್ಲ ನೋಡಿ ಬೇಕಾದ್ದನ್ನು ಆರಿಸಿದೆ. ನನಗೆ ನೀರು ಬೇಕು, ನನಗೆ ನೋವಾಗುತ್ತಿದೆ, ನನಗೆ ಮಗ್ಗುಲು ಬದಲಿಸಿ, ನನಗೆ ಫ್ಯಾನ್ ಬೇಕು, ಹೀಗೆ. ಮಾಸ್ತರಿಗೆ ಏನೂ ಕಡಿಮೆಯಾಗಬಾರದು. ಆ ಕಡೆ ಬಂದಾಗ ಮನೆಗೆ ಬಂದು ನೋಡುತ್ತೇನೆ.

ಉಲ್ಲಾಸ

*

ಸಿದ್ದಾಪುರ
೧ ಡಿಸೆಂಬರ್ ೨೦೨೪

ಉಲ್ಲಾಸ ಅವರೆ,

ಹಲಗೆ ಚೆನ್ನಾಗಿ ನಡೆಯುತ್ತಿದೆ. ಮೊದಲ ದಿನ ಅವರು ಎಲ್ಲ ಬಟನ್ನನ್ನೂ ಒತ್ತಿ, ನನ್ನನ್ನು ಅಡುಗೆಮನೆಗೂ ಕೋಣೆಗೂ ಓಡಾಡಿಸಿ, ಕಣ್ಣಲ್ಲೇ ನಕ್ಕರು. ಮದುವೆಯಾದ ಮೇಲೆ ಇಷ್ಟು ಕೆಲಸ ಹೇಳಿದವರಲ್ಲ. ಬಟನ್ನಿನ ಮೂಲೆಗಳು ಅವರಿಗೆ ಹಿಡಿಸಿಲ್ಲವೆಂದು ಕಾಣುತ್ತದೆ. ಅವನ್ನು ನೋಡಿದಾಗ ಹುಬ್ಬು ಗಂಟಿಕ್ಕುತ್ತಾರೆ. ಡ್ರಾಯಿಂಗ್ ಮಾಸ್ತರರಲ್ಲವೇ. ಹೊಸ ಮಾತುಗಳಿಗೂ ಸಮೃದ್ಧಿಯೇ ದನಿ ಕೊಟ್ಟಿದ್ದಾಳೆ. ಐವತ್ತು ದಾಟಿದ ಗಂಡಸು ಅವಳ ದನಿಯಲ್ಲಿ ನೀರು ಕೇಳುವುದು ತಮಾಷೆ ಅನ್ನಿಸುತ್ತದೆ, ಆದರೆ ಅವರು ಕೇಳಿದರೆಂಬುದೇ ನನಗೆ ದೊಡ್ಡದು.

ಒಂದೇ ಒಂದು ಚಿಂತೆ. ನಮ್ಮ ಮನೆ ಬಸ್ ಸ್ಟ್ಯಾಂಡಿನ ಎದುರಿಗಾದ್ದರಿಂದ ಹಳ್ಳಿಯಿಂದ ಬಂದವರು ಚೀಲ ಇಡಲು, ಬಸ್ಸು ಕಾಯಲು ಇಲ್ಲಿಗೇ ಬರುವುದು ಮೊದಲಿಂದಲೂ ರೂಢಿ. ಈಗ ಇವರನ್ನು ನೋಡಲೆಂದೂ ಬರುತ್ತಾರೆ. ಜನ ಬಂದ ಕೂಡಲೇ ಇವರು ನೀರಿನ ಬಟನ್ ಒತ್ತುತ್ತಾರೆ. ನಾನು ಚಮಚದಲ್ಲಿ ಕುಡಿಸಲು ಹೋದರೆ ತುಟಿ ಬಿಗಿ ಮಾಡುತ್ತಾರೆ. ಬಲವಂತವಾಗಿ ಎರಡು ಚಮಚ ಹಾಕಿ ಬಾಯಿ ಒರೆಸಿದರೆ, ಮತ್ತೆ ಅದೇ ಬಟನ್. ಜನರ ಎದುರು ಕುಡಿಯಲು ಸಂಕೋಚವೋ, ಗಂಟಲು ಒಣಗುವುದೋ ತಿಳಿಯದು. ನೀರು ಹುಷಾರಾಗಿ ಕುಡಿಸಿ, ನೆತ್ತಿಗೆ ಹತ್ತೀತು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಆ ಬಟನ್ನಿಗೆ ಇನ್ನೇನಾದರೂ ಮಾಡಲಾದೀತೇ?

ಪರಿಮಳಾ

*

ಇಡಗುಂದಿ
೨ ಡಿಸೆಂಬರ್ ೨೦೨೪

ಪರಿಮಳಕ್ಕ,

ಅಕ್ಕ ಎನ್ನಬಹುದು ತಾನೆ?

ಒತ್ತಿದ್ದು ಸರಿಯಾಗಿ ಹತ್ತಿತೋ ಇಲ್ಲವೋ ಎಂಬ ಅನುಮಾನಕ್ಕೆ ಮಾಸ್ತರು ಮತ್ತೆ ಮತ್ತೆ ಒತ್ತುತ್ತಿರಬೇಕು. ನೀರಿನ ಬಟನ್ನನ್ನು ದೊಡ್ಡದು ಮಾಡಿ ಬೆರಳಿಗೆ ಹತ್ತಿರ ತಂದಿದ್ದೇನೆ. ಒತ್ತಿದರೆ ನೀಲಿಯಾಗುತ್ತದೆ. ಪಕ್ಕದಲ್ಲಿ "ನನಗೆ ಇನ್ನೂ ಸ್ವಲ್ಪ ನೀರು" ಎಂದು ಇನ್ನೊಂದು ಇಟ್ಟಿದ್ದೇನೆ. ಮೂಲೆಗಳನ್ನು ದುಂಡಗೆ ಮಾಡಿದ್ದೇನೆ, ಮಾಸ್ತರು ನೋಡಿ ಮಾರ್ಕು ಕೊಡಲಿ. ಸಂಕೋಚ ಬೇಡ, ಬೇಕಾದಷ್ಟು ನೀರು ಕೇಳಲಿ ಎಂದು ಹೇಳಿ.

ಉಲ್ಲಾಸ

*

ಸಿದ್ದಾಪುರ
೧೯ ಜನವರಿ ೨೦೨೫

ಉಲ್ಲಾಸ,

ಬಹಳ ದಿನ ಬರೆಯಲಿಲ್ಲ. ನಾವು ಶಿರಸಿಯ ಆಸ್ಪತ್ರೆಯಲ್ಲಿದ್ದೆವು.

ಡಿಸೆಂಬರಿನಲ್ಲೇ ಆಗಿದ್ದು. ಮತ್ತಿಘಟ್ಟದಿಂದ ನನ್ನ ಚಿಕ್ಕಮ್ಮ ವೆಂಕಮ್ಮ ಬಂದಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಇವರು ನೀರಿನ ಬಟನ್ ಒತ್ತಿದರಂತೆ. ಪಾಪ, ಅವಳು ಲೋಟದಿಂದಲೇ ಬಾಯಿಗೆ ಹನಿಸಿದಳು. ನೀರು ನೆತ್ತಿಗೆ ಹತ್ತಿತು. ನಾನು ಓಡಿ ಬರುವಾಗ ಮುಖ ನೀಲಿಯಾಗಿತ್ತು. ಆ ಕೆಮ್ಮಿನ ನಡುವೆಯೂ ಬೆರಳು ಬಟನ್ನಿನ ಮೇಲೇ ಇತ್ತು. ನೀರು ಶ್ವಾಸಕೋಶಕ್ಕೆ ಇಳಿದು ಜ್ವರ ಬಂತು.

ಆಸ್ಪತ್ರೆಗೆ ಅಂದಾನಪ್ಪ ನೋಡಲು ಬಂದಿದ್ದರು. ಇವರ ಶಾಲೆಯ ಪಿ.ಟಿ. ಮಾಸ್ತರು, ಹಾವೇರಿ ಕಡೆಯವರು. ಅಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಇವರು ಅಂದಾನಪ್ಪನನ್ನು ನೋಡಿದರು, ಮೇಜಿನ ಮೇಲಿದ್ದ ನೀರಿನ ಬಾಟಲಿ ನೋಡಿದರು, ನನ್ನನ್ನು ನೋಡಿದರು. ಮತ್ತೆ ಹಾಗೇ. ನಾನು ಚಮಚ ಎತ್ತಿದೆ, ತುಟಿ ಬಿಗಿಯಾಯಿತು. ಆಗ ಅಂದಾನಪ್ಪ ನನ್ನ ಕೈ ತಡೆದು ಹೇಳಿದರು.

"ಅಕ್ಕಾರ, ಸರ್ ತಮಗಂತ ಕೇಳಾಕತ್ತಿಲ್ರಿ. ಬಂದ ನನಗ ನೀರು ಕೊಡ್ರಿ ಅಂತ ನಿಮಗ ಹೇಳಾಕತ್ತಾರ‍್ರಿ."

ಎತ್ತಿದ ಚಮಚವನ್ನು ಕೆಳಗಿಟ್ಟೆ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲ ಮಾತು "ಆಸ್ರಿಗೆ ಎಂತ ಬೇಕು?" ಎಂಬುದು. ಬಾಯಾರಿಕೆಗೆ ಏನು ಕೊಡಲಿ ಎಂದು. ನೀರು ಬೆಲ್ಲ ಆದ ಮೇಲೆ ಕವಳದ ತಟ್ಟೆ ಮುಂದಿಟ್ಟು ಎಲೆ ಅಡಿಕೆ ಕೊಡುವುದು. ಇದು ನಿನಗೆ ಗೊತ್ತೇ ಇದೆ. ನಮ್ಮ ಮನೆಯಲ್ಲಿ ಕೇಳುವುದು ಅವರ ಕೆಲಸ, ತರುವುದು ನನ್ನದು. ನಾಲಿಗೆ ಹೋದ ಮೇಲೆ ಕೇಳುವುದನ್ನೂ ನಾನೇ ಮಾಡುತ್ತಿದ್ದೆ. ಬಂದ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ, ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಬಾಗಿಲಿಗೆ ಬಂದವರನ್ನು ಕೇಳದೆ ಕೂರುವುದು ಅವರಿಂದ ಆಗುತ್ತಿರಲಿಲ್ಲ. ಇದ್ದ ಒಂದೇ ನೀರಿನ ಬಟನ್ನನ್ನು ಒತ್ತಿದರು. ನಾನು ಅವರ ಉಪಚಾರವನ್ನು ಅವರ ಬಾಯಿಗೇ ಸುರಿದೆ.

ಅವರಿಗೆ ಒಂದು ಕೇಳುವ ಬಟನ್ ಮಾಡಿಕೊಡು. ದನಿ ಕಳಿಸಿದ್ದೇನೆ. ಹಿಂದೊಮ್ಮೆ ಸಮೃದ್ಧಿ ರಜೆಗೆ ಬಂದಾಗ ಫೋನಿನಲ್ಲಿ ವಿಡಿಯೋ ಮಾಡುತ್ತಲೇ ಒಳಗೆ ಬಂದಿದ್ದಳು. ಅದರಲ್ಲಿ ಇವರು ಪೇಪರಿನಿಂದ ತಲೆಯೆತ್ತಿ ಅವಳನ್ನೂ ಆಸ್ರಿಗೆ ಕೇಳುತ್ತಾರೆ. ಇವರದೇ ದನಿ.

ಪರಿಮಳಕ್ಕ

*

ಇಡಗುಂದಿ
೨೦ ಜನವರಿ ೨೦೨೫

ಪರಿಮಳಕ್ಕ,

ನಾನು ಆ ಬಟನ್ನನ್ನು ದೊಡ್ಡದು ಮಾಡಿದವನು. ಹತ್ತಿರ ತಂದವನು. ಅದಕ್ಕೆ ಜೊತೆಗೊಂದು ಬೇರೆ ಕೊಟ್ಟವನು. ಹಲಗೆ ತೆಗೆದು ನೋಡಿದರೆ ಎಲ್ಲ ಬಟನ್ನೂ 'ನನಗೆ' ಎಂದೇ ಶುರುವಾಗುತ್ತದೆ. ಮಲಗಿದವರಿಗೆ ಬೇಕು ಬೇಕು ಎಂಬುದೊಂದೇ ಮಾತು ಎಂದು ನಾನೂ ನಂಬಿದ್ದೆನಲ್ಲ. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಈ ಮಾತನ್ನು ನಾನು ಕೇಳದವನೇನಲ್ಲ. ಅಮ್ಮ ತೋಟದ ಕೆಲಸಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಆ ಮನೆಗಳಲ್ಲಿ ನಮ್ಮನ್ನೂ ಕೇಳುತ್ತಿದ್ದರು. ಅಂಗಳದಲ್ಲಿ ನಿಂತು ಬೊಗಸೆಯಲ್ಲಿ ಕುಡಿದಿದ್ದೇನೆ. ಬೆಲ್ಲ ಸಿಹಿಯಾಗಿಯೇ ಇರುತ್ತಿತ್ತು.

ಹೊಸ ಹಲಗೆ ಕಳಿಸಿದ್ದೇನೆ. ಕೇಳುವ ಬಟನ್ ಎಲ್ಲಕ್ಕಿಂತ ಮೇಲಿದೆ. ಮಾಸ್ತರ ದನಿಯನ್ನು ಸ್ವಚ್ಛ ಮಾಡುವಾಗ ಮತ್ತೆ ಮತ್ತೆ ಕೇಳಿದೆ. ಅಡುಗೆ ಮಾಡುತ್ತಿದ್ದ ಅಮ್ಮ ಯಾರೋ ಬಂದರೆಂದು ಹೊರಗೆ ಬಂದಳು.

ಉಲ್ಲಾಸ

*

ಸಿದ್ದಾಪುರ
೨ ಫೆಬ್ರುವರಿ ೨೦೨೫

ಉಲ್ಲಾಸ,

ನಿನ್ನ ಬಟನ್ ನಮ್ಮ ಮನೆಗೆ ಜೀವ ತಂದಿತು. ವೆಂಕಮ್ಮ ಮತ್ತೆ ಬಂದಿದ್ದಳು. ಆ ದಿನದಿಂದ ಅವಳು ಹೆದರಿ ಬಾಗಿಲ ಹತ್ತಿರವೇ ನಿಂತಿರುತ್ತಿದ್ದಳು. ಇವರು "ಆಸ್ರಿಗೆ ಎಂತ ಬೇಕು?" ಎಂದು ಕೇಳಿದ ಮೇಲೆ ಒಳಗೆ ಬಂದು ಕುಳಿತು, ಮಜ್ಜಿಗೆಯೇ ಬೇಕೆಂದು ಹಟ ಮಾಡಿ ಕುಡಿದಳು. ಅಂದಾನಪ್ಪ ಬಂದರು. ದನಿ ಕೇಳಿದವರೇ ಚಪ್ಪಲಿ ಬಿಡುವುದನ್ನೂ ಮರೆತು ಅತ್ತರು. ಪೋಸ್ಟಿನವನಿಗೂ, ಕರೆಂಟ್ ಬಿಲ್ ಕೊಡಲು ಬಂದವಳಿಗೂ ಕೇಳಿಯಾಯಿತು. ಬಂದವರೆಲ್ಲ ಮಾಸ್ತರು ಎಷ್ಟೋ ಸುಧಾರಿಸಿದ್ದಾರೆ ಎನ್ನುತ್ತಾರೆ. ನಾನೂ ಹೌದು ಎನ್ನುತ್ತೇನೆ.

ಪರಿಮಳಕ್ಕ

*

ಇಡಗುಂದಿ
೪ ಫೆಬ್ರುವರಿ ೨೦೨೫

ಪರಿಮಳಕ್ಕ,

ನಿಮ್ಮ ಪತ್ರವನ್ನು ಲ್ಯಾಬಿನಲ್ಲಿ ಓದಿ ಮುಖ ತೊಳೆದುಕೊಂಡು ಬಂದೆ. ಕಿಂಡಿಯಿಂದ ಏನಾದರೂ ಆಯಿತೇ ಎಂದು ಯಾರಾದರೂ ಕೇಳಿದರೆ ನನಗಿನ್ನು ಹೇಳಲು ಒಂದು ಉತ್ತರ ಇದೆ.

ಬೆರಳು ಇಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಇನ್ನಷ್ಟು ಮಾತು ಸೇರಿಸೋಣ. ಬಸ್ಸು ಎಷ್ಟೊತ್ತಿಗೆ, ಮನೆಯಲ್ಲಿ ಎಲ್ಲ ಆರಾಮೇ, ಕವಳ ಹಾಕಿ, ಊಟ ಮಾಡಿಕೊಂಡೇ ಹೋಗಿ. ಈ ಭಾನುವಾರ ನಾನೇ ಬರುತ್ತೇನೆ. ಮಾಸ್ತರ ಬೆರಳು ಹೇಗೆ ಓಡುತ್ತದೆಂದು ಕಣ್ಣಾರೆ ನೋಡಿ ಬಟನ್ ಜೋಡಿಸುತ್ತೇನೆ. ಅಮ್ಮ ಜೋನಿ ಬೆಲ್ಲವನ್ನು ಚೆಲ್ಲದ ಹಾಗೆ ಡಬ್ಬಿಯಲ್ಲಿ ಕಟ್ಟಿಟ್ಟಿದ್ದಾಳೆ. ನಿಜ ಹೇಳಬೇಕೆಂದರೆ ಆ ದನಿ ನನ್ನನ್ನೂ ಒಮ್ಮೆ ಕೇಳಲಿ ಎಂದು ಆಸೆಯಾಗಿದೆ.

ಉಲ್ಲಾಸ

*

ಸಿದ್ದಾಪುರ
೬ ಫೆಬ್ರುವರಿ ೨೦೨೫

ಉಲ್ಲಾಸ,

ಈ ಭಾನುವಾರ ಬರುವುದು ಬೇಡ. ಅನುಕೂಲವಿಲ್ಲ. ಮುಂದೆ ತಿಳಿಸುತ್ತೇನೆ.

ಪರಿಮಳಾ

*

ಇಡಗುಂದಿ
೬ ಫೆಬ್ರುವರಿ ೨೦೨೫

ಪರಿಮಳಾ ಮೇಡಂ,

ಆಗಲಿ. ಪತ್ರದ ಪರಿಚಯವನ್ನು ಮನೆಯೊಳಗಿನ ಪರಿಚಯ ಎಂದುಕೊಂಡಿದ್ದು ನನ್ನ ತಪ್ಪು. ಅಂಗಳದ ವಿಷಯ ಬರೆಯದಿದ್ದರೆ ಚೆನ್ನಾಗಿತ್ತೇನೋ. ಅಮ್ಮ ಕಟ್ಟಿದ ಬೆಲ್ಲದ ಡಬ್ಬಿ ಬಿಚ್ಚಿಸಿದೆ. ಏಕೆಂದು ಅವಳು ಕೇಳಲಿಲ್ಲ.

ಹಲಗೆಯಲ್ಲಿ ಏನಾದರೂ ತೊಂದರೆ ಬಂದರೆ ತಿಳಿಸಿ, ಸರಿಪಡಿಸಿ ಕಳಿಸುತ್ತೇನೆ.

ಉಲ್ಲಾಸ

*

ಸಿದ್ದಾಪುರ
೨ ಮಾರ್ಚ್ ೨೦೨೫

ಉಲ್ಲಾಸ,

ನಿನ್ನ ಪತ್ರ ಓದಿದಾಗಲೇ ನೀನು ಬೇರೇನೋ ತಿಳಿದೆ ಎಂದು ಗೊತ್ತಾಯಿತು. ಅಂಗಳದ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಆದರೂ ಸುಮ್ಮನಿದ್ದೆ. ನಿನ್ನ ತಪ್ಪು ತಿಳುವಳಿಕೆ ತಿದ್ದಬೇಕೆಂದರೆ ನಿಜ ಹೇಳಬೇಕಿತ್ತು. ನಿನ್ನ ಮನಸ್ಸು ನೋಯುತ್ತದೆಂದು ಗೊತ್ತಿದ್ದೂ ನಾನು ಹೇಳಲಿಲ್ಲ.

ಅವರ ಬೆರಳು ಶಿರಸಿ ಆಸ್ಪತ್ರೆಯಲ್ಲೇ ನಿಂತುಹೋಯಿತು. ನಿನ್ನನ್ನು ಬಟನ್ ಕೇಳುವಾಗ, ಮತ್ತೆ ಆಡೀತು ಎಂಬ ಆಸೆಯಿತ್ತು. ಕೇಳುವ ಬಟನ್ನನ್ನು ಅವರು ಒಮ್ಮೆಯೂ ಒತ್ತಿಲ್ಲ. ನಾನು ಅವರ ಕೈಯ ಮೇಲೆ ಕೈಯಿಟ್ಟು, ಬೆರಳು ಹಿಡಿದು, ಬಂದವರಿಗೆ ಕಾಣದ ಹಾಗೆ ಒತ್ತುತ್ತಿದ್ದೆ. ವೆಂಕಮ್ಮನಿಗೆ ಕೇಳಿದ್ದು ನಾನು. ಅಂದಾನಪ್ಪ ಅತ್ತಿದ್ದೂ ನಾನು ಒತ್ತಿದ್ದಕ್ಕೆ. ನೀನು ಬಂದು ಬೆರಳು ನೋಡುತ್ತೇನೆ ಎಂದಾಗ ಬರಬೇಡ ಎಂದು ಬರೆದೆ.

ಅವರಿಗಾಗಿ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಆಮೇಲೆ ಯಾರೂ ಬಾರದ ಮಧ್ಯಾಹ್ನಗಳಲ್ಲೂ ಒತ್ತತೊಡಗಿದೆ. ನನಗೆ ಅವರ ದನಿ ಬೇಕಿತ್ತು, ಅಷ್ಟೇ. ಒತ್ತುವುದು, "ಮಜ್ಜಿಗೆ ಸಾಕು" ಎನ್ನುವುದು, ಒಳಗೆ ಹೋಗಿ ನಿಜವಾಗಿ ಮಜ್ಜಿಗೆ ಕುಡಿಯುವುದು. ಮನೆಯೊಡತಿಯೇ ಮನೆಗೆ ಬಂದ ನೆಂಟಳಾದೆ. ಮೊದಮೊದಲು ಅವರು ನನ್ನನ್ನೇ ನೋಡುತ್ತಿದ್ದರು. ಈಗ ನಾನು ಕೈ ಹಿಡಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರಿಗೆ ಉಳಿದಿದ್ದು ಅದೊಂದು ಕೆಲಸ. ಅದನ್ನೂ ನಾನೇ ಕಸಿದುಕೊಂಡೆ.

ಇನ್ನು ಒತ್ತುವುದಿಲ್ಲ ಎಂದು ಅವರ ಎದುರು ಹೇಳಿದ್ದೇನೆ. ಕಣ್ಣು ಈಗಲೂ ಆಡುತ್ತದೆ. ಕಣ್ಣಿನಿಂದ ಒತ್ತುವ ಹಾಗೆ ನಿನ್ನ ಕಿಂಡಿಯಲ್ಲಿ ಏನಾದರೂ ಮಾಡಲಾದೀತೇ?

ಪರಿಮಳಕ್ಕ

*

ಇಡಗುಂದಿ
೮ ಮಾರ್ಚ್ ೨೦೨೫

ಪರಿಮಳಕ್ಕ,

ನಾನು ತಿಳಿದುಕೊಂಡಿದ್ದು ಎಷ್ಟು ಸಣ್ಣದು. ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ, ಮುಖ ಇಲ್ಲ.

ಒಂದು ವಾರ ರಜೆ ಹಾಕಿ ಕುಳಿತೆ. ಕಣ್ಣು ಎತ್ತ ನೋಡುತ್ತದೆಂದು ಕ್ಯಾಮೆರಾದಿಂದ ಹಿಡಿಯಲು ಭಾರದ ಯಂತ್ರ ಬೇಕು. ಸಮೃದ್ಧಿಯ ಲ್ಯಾಪ್‌ಟಾಪಿನಂಥದ್ದರಲ್ಲೇ ಓಡಿಸಿ ನೋಡಿದೆ. ಮುಖ ಗುರುತಿಸುವಷ್ಟರಲ್ಲಿ ಮುಖ ಬೇರೆ ಕಡೆ ಹೋಗಿರುತ್ತದೆ. ಕಾಲೇಜಿನ ಒಳ್ಳೆಯ ಯಂತ್ರದಲ್ಲಿಯೂ ನನ್ನ ಕಣ್ಣಿನ ಮೇಲೇ ಪ್ರಯತ್ನಿಸಿದೆ. ನೀರು ಎಂದು ನೋಡಿದರೆ ಫ್ಯಾನು ಎನ್ನುತ್ತದೆ. ಇಂಥ ತಪ್ಪು ಯಂತ್ರವನ್ನು ಮಾಸ್ತರ ಮುಂದೆ ಮತ್ತೆ ಇಡಲಾರೆ. ಕಿಂಡಿ ಹಗುರ, ಹಗುರ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಕಿಟಕಿ, ಬಟನ್ ಬರೆಯುವುದಷ್ಟೇ ಅದಕ್ಕೆ ಬರುವುದು. ಒತ್ತಲು ಬೆರಳೇ ಇಲ್ಲದಿದ್ದರೆ ಬಟನ್ ಎಷ್ಟು ಚೆಂದವಿದ್ದು ಏನು.

ಒಂದೇ ದಾರಿ ಕಂಡಿತು. ಹಲಗೆಯ ಮೇಲೆ ಬೆಳಕು ಒಂದೊಂದೇ ಬಟನ್ನಿನ ಮೇಲೆ ನಿಂತು ಮುಂದೆ ಹೋಗುತ್ತದೆ. ಬೇಕಾದ ಬಟನ್ನಿಗೆ ಬಂದಾಗ ಮಾಸ್ತರು ಕಣ್ಣು ಮುಚ್ಚಲಿ, ಆಗ ನೀವು ಒತ್ತಿ. ಕಳಿಸಿದ್ದೇನೆ.

ಉಲ್ಲಾಸ

*

ಸಿದ್ದಾಪುರ
೧೬ ಮಾರ್ಚ್ ೨೦೨೫

ಉಲ್ಲಾಸ,

ಬೆಳಕು ಓಡುತ್ತದೆ. ಅವರು ನೋಡುತ್ತಾರೆ. ಕಣ್ಣು ಮುಚ್ಚಿದರೆ ಅದು ಉತ್ತರವೋ, ಆಯಾಸವೋ, ಕಣ್ಣಿನ ಉರಿಯೋ ನನಗೆ ತಿಳಿಯುವುದಿಲ್ಲ. ತಿಳಿಯದೆ ಒತ್ತಿದರೆ ಮತ್ತೆ ನಾನೇ ಒತ್ತಿದ ಹಾಗೆ. ಹಾಗಾಗಿ ಒತ್ತಿಲ್ಲ. ಈ ವಾರ ಬಂದವರನ್ನು ಹಲಗೆ ಏನೂ ಕೇಳಲಿಲ್ಲ. ಹೆಚ್ಚು ಹೊತ್ತು ಯಾರೂ ಕೂರುವುದಿಲ್ಲ, ನೋಡಲಾಗುವುದಿಲ್ಲ ಪಾಪ.

ನೀನು ಬಾ. ಸರಿ ಮಾಡಲಿಕ್ಕೆ ಅಲ್ಲ. ಸರಿಯಾಗುವುದಿಲ್ಲ ಎಂದು ನನಗೆ ಗೊತ್ತು. ಅಮ್ಮ ಕಟ್ಟಿದ ಬೆಲ್ಲ ಮರೆಯಬೇಡ.

ಪರಿಮಳಕ್ಕ

*

ಇಡಗುಂದಿ
೨೪ ಮಾರ್ಚ್ ೨೦೨೫

ಪರಿಮಳಕ್ಕ,

ನಿನ್ನೆ ನಿಮ್ಮ ಮುಂದೆ ಹೇಳಬೇಕೆಂದಿದ್ದೆ. ಹೇಳದೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಶಿರಸಿ ದಾಟುವವರೆಗೂ ಇದನ್ನೇ ಯೋಚಿಸುತ್ತಿದ್ದೆ.

ನೀವು ಬಾಗಿಲು ತೆಗೆದು, ನನ್ನನ್ನು ಮಾಸ್ತರ ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಯಾರೆಂದು ಅವರಿಗೆ ಹೇಳುವಷ್ಟರಲ್ಲಿ ಕುಕ್ಕರ್ ಕೂಗಿತು. ನೀವು ಒಳಗೆ ಓಡಿದಿರಿ. ನಾವಿಬ್ಬರೇ ಉಳಿದೆವು. ಹಲಗೆ ತೆರೆದೇ ಇತ್ತು. ಬೆಳಕು ಬಟನ್ನಿನಿಂದ ಬಟನ್ನಿಗೆ ಹೋಗುತ್ತಿತ್ತು. ಕೇಳುವ ಬಟನ್ನಿಗೆ ಬಂದಾಗ ಮಾಸ್ತರು ನನ್ನನ್ನು ನೋಡಿದರು. ಬೆಳಕು ಮುಂದೆ ಹೋಯಿತು. ಸುತ್ತಿ ಮತ್ತೆ ಅಲ್ಲಿಗೇ ಬಂತು, ಅವರು ಮತ್ತೆ ನೋಡಿದರು. ಕಣ್ಣು ಮುಚ್ಚಲಿಲ್ಲ. ನಾನು ಕೈ ಚಾಚಿ ಒತ್ತಿದ್ದರೆ ಅವರ ದನಿ ಬರುತ್ತಿತ್ತು. ಆ ದನಿ ಕೇಳಲೆಂದೇ ಆಸೆಪಟ್ಟವನು ನಾನು. ನೀವೇ ಒತ್ತದೆ ಬಿಟ್ಟದ್ದನ್ನು ಒತ್ತಲು ನಾನು ಯಾರು? ಆ ಹಲಗೆಯ ಒಂದೊಂದು ಸಾಲನ್ನೂ ಬರೆದ ನನಗೆ ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಎಂದೂ ಎಲ್ಲೂ ಕುಳಿತಿಲ್ಲ.

ಆ ನೋಟವನ್ನು ತಡೆಯಲಾಗದೆ ನಾನು ಹೇಳಿಬಿಟ್ಟೆ. "ನೀರಾದ್ರೆ ಸಾಕು ಮಾಸ್ತರೇ. ಬೆಲ್ಲ ನಾನೇ ತಂದಿದ್ದೆ."

ಅವರ ಕಣ್ಣು ನನ್ನನ್ನು ಬಿಟ್ಟು ಮೇಜಿನ ಮೇಲಿನ ತಂಬಿಗೆಗೆ ಹೋಯಿತು. ಎದ್ದು ನೀರು ಬಗ್ಗಿಸಿಕೊಂಡೆ. ಡಬ್ಬಿ ಬಿಚ್ಚಿ ಅಮ್ಮನ ಬೆಲ್ಲ ನೆಕ್ಕಿ, ಅವರ ಎದುರೇ ಲೋಟ ಬರಿದು ಮಾಡಿ ಕೆಳಗಿಟ್ಟೆ. ಅವರು ಕಾದರು. ಆಮೇಲೆ ಕಣ್ಣು ಕಿಟಕಿಯ ಕಟ್ಟೆಯ ಕಡೆ ಹೊರಳಿತು. ಅಲ್ಲಿ ಕವಳದ ತಟ್ಟೆ ಇತ್ತು. ನಾನು ಕವಳ ಹಾಕುವವನಲ್ಲ, ಆದರೂ ಒಂದು ಎಲೆ, ಒಂದು ಹೋಳು ಅಡಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಆಗ ಅವರು ಕಣ್ಣು ಮುಚ್ಚಿದರು. ಮುಖ ಸಡಿಲವಾಗಿತ್ತು.

ಅಷ್ಟರಲ್ಲಿ ನೀವು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಂದವನನ್ನು ಕೇಳಲು ತಡವಾಯಿತೆಂದು ಬೇಜಾರು ಮಾಡಿಕೊಂಡು, ಆಸ್ರಿಗೆ ಎಂತ ಬೇಕು ಎಂದು ಕೇಳಿದಿರಿ. ನಾನು ಆಯಿತು ಎಂದೆ. ಉಪಚಾರದ ಮಾತು ಎಂದುಕೊಂಡು ಮತ್ತೊಂದು ಲೋಟ ನೀರು ತಂದಿಟ್ಟಿರಿ. ಅದನ್ನೂ ಕುಡಿದೆ.

ಹಲಗೆಗೆ ಇನ್ನು ನಾನು ಏನನ್ನೂ ಸೇರಿಸಲಾರೆ ಅಕ್ಕ, ನನ್ನ ಕೈಯಲ್ಲಿ ಆಗುವುದು ಮುಗಿಯಿತು. ಇದೊಂದು ನಿಮಗೆ ಗೊತ್ತಿರಲಿ ಎಂದು ಬರೆದೆ. ನೀವು ಬರುವ ಮೊದಲೇ ಮಾಸ್ತರು ನನ್ನನ್ನು ಕೇಳಿಯಾಗಿತ್ತು.

ಉಲ್ಲಾಸ